ರೈಸರ್ ಕಾರ್ಡ್ ಕೊಳ್ಳುವ ಮುನ್ನ: ಅಳೆ, ಓದು, ಹೊಂದಿಸು



ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳಲ್ಲಿ ನೀವು ಸಾಮಾನ್ಯವಾಗಿ ಹಬ್ಬದ ಪ್ರಬಂಧ, ಗಾದೆಯ ವಿಸ್ತರಣೆ, ಊರಿಗೆ ಹೋಗಿಬಂದ ಪ್ರವಾಸ ಕಥನ ಇವುಗಳನ್ನು ಓದುತ್ತೀರಿ. ಈ ಸಲ ನಾವು ಒಂದು ಯಂತ್ರಭಾಗದ ಪಾಠವನ್ನು ಬರೆದಿದ್ದೇವೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, "ಕನ್ನಡದಲ್ಲಿ ಕಥೆ ಹೇಳಬಹುದು, ಕಂಪ್ಯೂಟರ್ ವಿಷಯ ಹೇಳಲಾಗದು" ಎಂಬ ಮಾತು ಮೇಲಿನ ತರಗತಿಗಳ ಮಕ್ಕಳ ಬಾಯಿಂದ ಆಗಾಗ ಕೇಳಿಬರುತ್ತದೆ. ಆ ಮಾತಿಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಪಾಠದಿಂದ ಉತ್ತರ ಕೊಡುವುದು ಮೇಲು. ಎರಡನೆಯದು, ನಮ್ಮ ಕನ್ನಡ ವಿಭಾಗದ ಮಕ್ಕಳು ಮೂರು ವರ್ಷಗಳಿಂದ ತಮ್ಮ ಅಜ್ಜ ಅಜ್ಜಿಯರ ಮಾತನ್ನು ಧ್ವನಿಮುದ್ರಿಸುತ್ತಿದ್ದಾರೆ. ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಮೈಸೂರು ಸೀಮೆಯ ಕನ್ನಡ ಎಲ್ಲವೂ ಅದರಲ್ಲಿವೆ. ಹಾಗೆ ಮಾತನಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗ ನಮ್ಮೊಂದಿಗಿಲ್ಲ. ಅವರ ದನಿ ಮಾತ್ರ ಇದೆ. ಅದು ಇಂದು ನಾಲ್ಕಾರು ಪೆನ್‌ಡ್ರೈವ್‌ಗಳಲ್ಲಿ ಹಂಚಿಹೋಗಿದೆ. ಇದನ್ನೆಲ್ಲ ಒಂದೆಡೆ ಕಾಪಾಡಲೆಂದು ಪೋಷಕರೊಬ್ಬರು ತಮ್ಮ ಕಚೇರಿಯಲ್ಲಿ ಸೇವೆ ಮುಗಿಸಿದ ಒಂದು ಸರ್ವರ್ ಯಂತ್ರವನ್ನು ಶಾಲೆಗೆ ಕೊಟ್ಟಿದ್ದಾರೆ. ಯಂತ್ರ ಗಟ್ಟಿಯಾಗಿದೆ. ಆದರೆ ಅದರೊಳಗೆ ರೈಸರ್ ಕಾರ್ಡ್ ಇಲ್ಲ. ಅದಿಲ್ಲದೆ ಡಿಸ್ಕ್‌ಗಳ ಕಾರ್ಡನ್ನೂ ನೆಟ್‌ವರ್ಕ್ ಕಾರ್ಡನ್ನೂ ಕೂರಿಸಲಾಗದು.

ದುಬೈಯಲ್ಲಿ ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಅಂಗಡಿಗಳಲ್ಲಿ ಆಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಗಲಿ ಹಳೆಯ ಸರ್ವರ್ ಭಾಗಗಳಿಗಾಗಿ ಹುಡುಕುವವರು ಬಹಳ ಮಂದಿ. ಹಾಗೆ ಬಿಡಿಯಾಗಿ ಕೊಂಡ ಹಳೆಯ ಭಾಗವನ್ನು ಹಿಂದಕ್ಕೆ ಕೊಡುವುದು ಸುಲಭವಲ್ಲ. ಆದ್ದರಿಂದ ಕೊಳ್ಳುವ ಮೊದಲೇ ಅಳೆದು, ಓದಿ, ಹೊಂದಿಸಿ ನೋಡುವುದನ್ನು ಕಲಿಯೋಣ.

1. ರೈಸರ್ ಕಾರ್ಡ್ ಎಂದರೇನು?

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಉದ್ದನೆಯ ಸ್ಲಾಟ್‌ಗಳಿರುತ್ತವೆ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದವನ್ನು ಅವುಗಳಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಮನೆಯ ಕಂಪ್ಯೂಟರಿನ ಡಬ್ಬ ಅಗಲವಾಗಿರುವುದರಿಂದ ಕಾರ್ಡ್ ನಿಲ್ಲಲು ಜಾಗವಿರುತ್ತದೆ. ಸರ್ವರ್ ಹಾಗಲ್ಲ. ಅದು ಕಪಾಟಿನ ಖಾನೆಯಂತಹ ರ‍್ಯಾಕಿನಲ್ಲಿ ಅಡ್ಡಡ್ಡ ಮಲಗುವ ಯಂತ್ರ. ರ‍್ಯಾಕಿನ ಅಳತೆಗೆ 'ಯು' ಎಂಬ ಮಾನವಿದೆ. 1ಯು ಎಂದರೆ 1.75 ಅಂಗುಲ, ಅಂದರೆ 44.45 ಮಿಲಿಮೀಟರ್. 2ಯು ಎಂದರೆ 88.9 ಮಿಲಿಮೀಟರ್.

ಈಗ ಕಾರ್ಡಿನ ಎತ್ತರ ನೋಡಿ. ಪೂರ್ಣ ಎತ್ತರದ ಕಾರ್ಡ್ ಸುಮಾರು 111 ಮಿಲಿಮೀಟರ್. ಲೋ ಪ್ರೊಫೈಲ್ ಎನ್ನುವ ಗಿಡ್ಡ ಕಾರ್ಡ್ ಸುಮಾರು 69 ಮಿಲಿಮೀಟರ್. ಲೆಕ್ಕ ನೀವೇ ಮಾಡಿ. ಪೂರ್ಣ ಎತ್ತರದ್ದು 2ಯು ಪೆಟ್ಟಿಗೆಯಲ್ಲಿಯೂ ನಿಲ್ಲದು. ಗಿಡ್ಡದ್ದು 1ಯು ಪೆಟ್ಟಿಗೆಯಲ್ಲಿ ನಿಲ್ಲದು. ನಿಲ್ಲಲು ಜಾಗವಿಲ್ಲದಿದ್ದರೆ ಮಲಗಿಸಬೇಕು. ಹಾಗೆ ಮಲಗಿಸಲು ಬೋರ್ಡಿನ ಸ್ಲಾಟಿನಲ್ಲಿ ಒಂದು ಚಿಕ್ಕ ಹಲಗೆಯನ್ನು ನೆಟ್ಟು, ಆ ಹಲಗೆಯ ಪಕ್ಕದಲ್ಲಿರುವ ಸ್ಲಾಟಿಗೆ ಕಾರ್ಡನ್ನು ಅಡ್ಡಲಾಗಿ ಸೇರಿಸುತ್ತಾರೆ. ಆ ಹಲಗೆಯೇ ರೈಸರ್ ಕಾರ್ಡ್. ಒಂದರ ಮೇಲೊಂದು ಮಲಗುವ ಕಾರ್ಡ್‌ಗಳ ನಡುವೆ 20.32 ಮಿಲಿಮೀಟರ್ ಅಂತರ ಬೇಕು. ಆದ್ದರಿಂದ 2ಯು ಯಂತ್ರದ ಒಂದು ರೈಸರಿನಲ್ಲಿ ಸಾಮಾನ್ಯವಾಗಿ ಮೂರು ಕಾರ್ಡ್‌ಗಳ ತನಕ ಹಿಡಿಯುತ್ತವೆ. 1ಯು ಯಂತ್ರದ ರೈಸರಿನ ಒಂದು ಬದಿಗೆ ಒಂದೇ ಕಾರ್ಡ್.

2. ಲೇನ್ ಮತ್ತು ತಲೆಮಾರು

ಇಂದಿನ ಕಾರ್ಡ್‌ಗಳು ಬೋರ್ಡಿನೊಡನೆ ಮಾತನಾಡುವ ರೀತಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. 1992ರ ಹಳೆಯ ಪಿಸಿಐ ಪದ್ಧತಿಯಲ್ಲಿ ಎಲ್ಲ ಕಾರ್ಡ್‌ಗಳಿಗೂ ಒಂದೇ ದಾರಿ ಇತ್ತು. ಒಬ್ಬರು ಹೋಗುವಾಗ ಉಳಿದವರು ಕಾಯಬೇಕಿತ್ತು. 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಕಾರ್ಡಿಗೂ ಅದರದೇ ದಾರಿ. ಆ ದಾರಿಯ ಒಂದು ಪಟ್ಟಿಯನ್ನು ಲೇನ್ ಎನ್ನುತ್ತಾರೆ. ಒಂದು ಲೇನಿನಲ್ಲಿ ನಾಲ್ಕು ತಂತಿಗಳು: ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ. ಎಕ್ಸ್1, ಎಕ್ಸ್4, ಎಕ್ಸ್8, ಎಕ್ಸ್16 ಎಂದರೆ ಕ್ರಮವಾಗಿ 1, 4, 8, 16 ಲೇನ್‌ಗಳು.

ತಲೆಮಾರು ಬದಲಾದಂತೆ ಲೇನಿನ ವೇಗ ಬಹುಮಟ್ಟಿಗೆ ಇಮ್ಮಡಿಯಾಗಿದೆ. ಒಂದು ಲೇನ್ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸಾಗಿಸುವುದು ಹೀಗಿದೆ:

1.0 (2003): 250 ಮೆಗಾಬೈಟ್
2.0 (2007): 500 ಮೆಗಾಬೈಟ್
3.0 (2010): ಸುಮಾರು 985 ಮೆಗಾಬೈಟ್
4.0 (2017): ಸುಮಾರು 1,970 ಮೆಗಾಬೈಟ್
5.0 (2019): ಸುಮಾರು 3,940 ಮೆಗಾಬೈಟ್

ಇದರ ಮೇಲೆ 6.0 ಮಾನಕ 2022ರಲ್ಲಿ, 7.0 ಮಾನಕ 2025ರಲ್ಲಿ ಪ್ರಕಟವಾದವು. ಹಳೆಯ ಸರ್ವರ್‌ಗಳಲ್ಲಿ ನಮಗೆ ಸಿಗುವುದು ಹೆಚ್ಚಾಗಿ 2.0, 3.0.

ಗಣಿತದಲ್ಲಿ ಆಸಕ್ತಿ ಇರುವ ಮಕ್ಕಳು ಒಂದು ಸಂಗತಿ ಗಮನಿಸಿ. 2.0ರ ಲೇನ್ ಸೆಕೆಂಡಿಗೆ 500 ಕೋಟಿ ಬಿಟ್ ಕಳಿಸಿದರೆ 3.0ರದು 800 ಕೋಟಿ. ಇದು ಇಮ್ಮಡಿ ಅಲ್ಲ. ಆದರೂ ಸಾಗುವ ಮಾಹಿತಿ ಹೆಚ್ಚುಕಡಿಮೆ ಇಮ್ಮಡಿ. ಏಕೆ? 2.0ರಲ್ಲಿ 8 ಬಿಟ್ ಮಾಹಿತಿ ಸಾಗಿಸಲು 10 ಬಿಟ್ ಬಳಸುತ್ತಾರೆ. 3.0ರಲ್ಲಿ 128 ಬಿಟ್ ಮಾಹಿತಿಗೆ 130 ಬಿಟ್ ಸಾಕು. ವ್ಯರ್ಥವಾಗುವುದು ಕಡಿಮೆಯಾಯಿತು; ಉಳಿತಾಯವೇ ಗಳಿಕೆಯಾಯಿತು.

ನೆನಪಿಡಬೇಕಾದ ನಿಯಮ ಒಂದೇ: ಬೋರ್ಡ್, ರೈಸರ್, ಕಾರ್ಡ್ ಮೂರರಲ್ಲಿ ಯಾವುದು ನಿಧಾನವೋ ಎಲ್ಲವೂ ಅದರ ವೇಗಕ್ಕೆ ಇಳಿಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಲ್ಲಿಗೆ ಸರಿಹೊಂದುತ್ತದೆ.

3. ಮೊದಲ ಪ್ರಶ್ನೆ: ಬೋರ್ಡ್ ಯಾರದು, ಯಾವ ಮಾದರಿ?

ಸ್ಲಾಟಿನ ಆಕಾರ ನೋಡಿ "ಇದಕ್ಕೆ ಹಿಡಿಯುತ್ತದೆ" ಎಂದು ನಿರ್ಧರಿಸುವುದು ಅಪಾಯ. ಸಾಮಾನ್ಯ ಎಕ್ಸ್16 ಸ್ಲಾಟಿನಲ್ಲಿ 164 ಸಂಪರ್ಕಬಿಂದುಗಳು, ಎಕ್ಸ್8ರಲ್ಲಿ 98 ಇರುತ್ತವೆ. ಯಾವ ಬಿಂದುವಿನಲ್ಲಿ ವಿದ್ಯುತ್, ಯಾವುದರಲ್ಲಿ ಮಾಹಿತಿ ಎಂಬುದು ಮಾನಕದಲ್ಲಿ ನಿಗದಿಯಾಗಿದೆ. ಆದರೆ ರೈಸರಿಗೆಂದೇ ಇಟ್ಟ ಸ್ಲಾಟ್‌ಗಳನ್ನು ಸರ್ವರ್ ತಯಾರಕರು ತಮ್ಮ ಅನುಕೂಲಕ್ಕೆ ಬದಲಿಸಿಕೊಂಡಿರುತ್ತಾರೆ. ಹೆಚ್ಚು ಬಿಂದು, ಹೆಚ್ಚು ವಿದ್ಯುತ್, ಬೇರೆ ಜೋಡಣೆ ಇರಬಹುದು. ಒಂದು ಕಂಪನಿಯ ರೈಸರನ್ನು ಇನ್ನೊಂದು ಕಂಪನಿಯ ಬೋರ್ಡಿಗೆ ಒತ್ತಿ ಕೂರಿಸಿದರೆ, 12 ವೋಲ್ಟ್ ಹೋಗಬಾರದ ಕಡೆ ಹೋಗಿ ಎರಡೂ ಸುಟ್ಟುಹೋಗಬಹುದು.

ಸೂಪರ್‌ಮೈಕ್ರೋ ಕಂಪನಿಯ ಉದಾಹರಣೆ ನೋಡೋಣ. ಅದರ ರೈಸರ್‌ಗಳ ಹೆಸರು 'ಆರ್‌ಎಸ್‌ಸಿ' ಎಂದು ಶುರುವಾಗುತ್ತದೆ. 'ಆರ್‌ಎಸ್‌ಸಿ-ಆರ್2ಯುಡಬ್ಲ್ಯು-4ಇ8' ಎಂಬ ಹೆಸರನ್ನು ಬಿಡಿಸಿದರೆ: '2ಯು' ಎಂದರೆ 2ಯು ಪೆಟ್ಟಿಗೆಗೆ, 'ಡಬ್ಲ್ಯು' ಎಂದರೆ ಡಬ್ಲ್ಯುಐಒ ಎಂಬ ಅವರದೇ ಮಾದರಿಯ ಬೋರ್ಡಿಗೆ, '4ಇ8' ಎಂದರೆ ಎಕ್ಸ್8ರ ನಾಲ್ಕು ಸ್ಲಾಟ್. ಸಮಾಸಪದವನ್ನು ವಿಗ್ರಹವಾಕ್ಯ ಮಾಡಿ ಬಿಡಿಸುತ್ತೀರಲ್ಲ, ಹಾಗೆಯೇ. ಡಬ್ಲ್ಯುಐಒ ಅಲ್ಲದ ಬೋರ್ಡಿಗೆ ಈ ರೈಸರ್ ಆಗದು.

ಮಾಡಬೇಕಾದುದು: ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ. ಪೆಟ್ಟಿಗೆಯ ಮಾದರಿ ಸಂಖ್ಯೆಯನ್ನೂ ಬರೆದುಕೊಳ್ಳಿ. ತಯಾರಕರ ಕೈಪಿಡಿಯಲ್ಲಿ ಆ ಎರಡಕ್ಕೂ ಹೊಂದುವ ರೈಸರ್‌ಗಳ ಪಟ್ಟಿ ಇರುತ್ತದೆ. ಅಂಗಡಿಯವರ ಮಾತಿಗಿಂತ ಆ ಪಟ್ಟಿಯೇ ಪ್ರಮಾಣ.

4. ಎರಡನೆಯ ಪ್ರಶ್ನೆ: ಎತ್ತರ ಮತ್ತು ದಿಕ್ಕು

1ಯು ರೈಸರ್ 2ಯು ಪೆಟ್ಟಿಗೆಯೊಳಗೆ ವಿದ್ಯುತ್ತಿನ ದೃಷ್ಟಿಯಿಂದ ಕೆಲಸ ಮಾಡಿದರೂ ಕಾರ್ಡಿನ ಬಾಯಿ ಹಿಂಬದಿಯ ಕಿಂಡಿಗೆ ಹೊಂದದೆ ಹೋಗಬಹುದು. ಹಾಗೆಯೇ ಎಡಬದಿಯ ರೈಸರ್, ಬಲಬದಿಯ ರೈಸರ್ ಎಂಬ ಭೇದವಿದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಆದೀತೇ? ದಿಕ್ಕು ತಪ್ಪಿದರೆ ಕಾರ್ಡ್ ಹೋಗಿ ಪ್ರೊಸೆಸರಿನ ಶಾಖಹೀರಕಕ್ಕೆ ತಾಗುತ್ತದೆ.

ಕಾರ್ಡಿನ ತುದಿಯ ತಗಡಿನ ಪಟ್ಟಿಯನ್ನೂ ಗಮನಿಸಿ. ಅದನ್ನು ಬ್ರ್ಯಾಕೆಟ್ ಎನ್ನುತ್ತಾರೆ. ಹಳೆಯ ಕಾರ್ಡ್‌ಗಳು ಎಷ್ಟೋ ಸಲ ಗಿಡ್ಡ ಬ್ರ್ಯಾಕೆಟ್ಟಿನೊಂದಿಗೆ ಮಾತ್ರ ಬರುತ್ತವೆ. 2ಯು ಪೆಟ್ಟಿಗೆಯಲ್ಲಿ ಮಲಗುವ ಕಾರ್ಡಿಗೆ ಹೆಚ್ಚಾಗಿ ಉದ್ದ ಬ್ರ್ಯಾಕೆಟ್ ಬೇಕು. ಅದಿಲ್ಲದಿದ್ದರೆ ಕಾರ್ಡನ್ನು ಸ್ಕ್ರೂ ಹಾಕಿ ಬಿಗಿಯಲಾಗದು. ಕೇಬಲ್ ಎಳೆದಾಗಲೆಲ್ಲ ಅಲುಗಾಡುತ್ತದೆ. ಕಡಿಮೆ ಬೆಲೆಯ ವಸ್ತು, ಆದರೆ ಮರೆತರೆ ಕೆಲಸವೇ ನಿಲ್ಲುತ್ತದೆ.

5. ಮೂರನೆಯ ಪ್ರಶ್ನೆ: ಲೇನ್‌ಗಳ ಹಂಚಿಕೆ ಹೇಗೆ?

ಒಂದು ಎಕ್ಸ್16 ಸ್ಲಾಟಿನಲ್ಲಿ ಕೂರುವ ರೈಸರಿಗೆ ಎರಡು ಮೂರು ಸ್ಲಾಟ್‌ಗಳಿದ್ದರೆ 16 ಲೇನ್‌ಗಳನ್ನು ಹಂಚಬೇಕಾಗುತ್ತದೆ. ಕೆರೆಯ ತೂಬಿನಿಂದ ಬರುವ ನೀರನ್ನು ಎರಡು ಗದ್ದೆಗೆ ಹಂಚುವ ಕೆಲಸ ಇದು. ಹಂಚಲು ಎರಡು ದಾರಿಗಳಿವೆ.

ಒಂದು, ಕಾಲುವೆಯನ್ನೇ ಇಬ್ಭಾಗ ಮಾಡುವುದು. 8 ಲೇನ್ ಇತ್ತ, 8 ಲೇನ್ ಅತ್ತ. ಇಂಥ ರೈಸರಿನಲ್ಲಿ ಬುದ್ಧಿವಂತಿಕೆಯ ಚಿಪ್ ಇರುವುದಿಲ್ಲ, ಬರೀ ತಂತಿಗಳು. ಆದ್ದರಿಂದ ಅಗ್ಗ. ಆದರೆ "ಈ 16 ಲೇನ್‌ಗಳನ್ನು ಎರಡು ಎಂಟಾಗಿ ನೋಡು" ಎಂಬ ಅಪ್ಪಣೆ ಬೋರ್ಡಿನ ಬಯಾಸ್‌ನಲ್ಲಿ ಆಗಬೇಕು. ಇದಕ್ಕೆ ಬೈಫರ್ಕೇಶನ್ ಎಂದು ಹೆಸರು. ಆ ಸೌಲಭ್ಯ ಇಲ್ಲದ ಬೋರ್ಡಿನಲ್ಲಿ ಮೊದಲ ಸ್ಲಾಟಿನ ಕಾರ್ಡ್ ಮಾತ್ರ ಕಾಣಿಸುತ್ತದೆ. ಎರಡನೆಯದು ಇದ್ದೂ ಇಲ್ಲದಂತೆ. ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಕಾರ್ಡಿಗೂ 100 ಮೆಗಾಹರ್ಟ್ಸ್‌ನ ಒಂದು ತಾಳ, ಅಂದರೆ ಕ್ಲಾಕ್ ಸಂಕೇತ ಬೇಕು. ಮಾನಕದ ಸ್ಲಾಟಿನಲ್ಲಿ ಅಂಥದು ಒಂದೇ ಇರುತ್ತದೆ. ಅದನ್ನು ಇಬ್ಬರಿಗೂ ಸಮನಾಗಿ ಹಂಚುವ ಚಿಕ್ಕ ಚಿಪ್ ರೈಸರಿನಲ್ಲಿ ಇರಬೇಕು, ಇಲ್ಲವೇ ಬೋರ್ಡಿನ ವಿಶೇಷ ಸ್ಲಾಟೇ ಹೆಚ್ಚಿನ ಕ್ಲಾಕ್ ಒದಗಿಸಬೇಕು.

ಇನ್ನೊಂದು ದಾರಿ, ನೀರುಗಂಟಿಯನ್ನು ನೇಮಿಸುವುದು. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವವನು ನೀರುಗಂಟಿ. ಹಾಗೆಯೇ ಕೆಲವು ರೈಸರ್‌ಗಳ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಸ್ವಿಚ್ ಎಂಬ ಚಿಪ್ ಇರುತ್ತದೆ. ಯಾವ ಕಾರ್ಡಿಗೆ ಈಗ ಅವಶ್ಯವೋ ಅದಕ್ಕೆ ದಾರಿ ಬಿಡುತ್ತದೆ. ಬಯಾಸ್‌ನ ಬೈಫರ್ಕೇಶನ್ ಬೇಕಿಲ್ಲ. ಆದರೆ ಬೆಲೆ ಹೆಚ್ಚು, ಶಾಖವೂ ಹೆಚ್ಚು. ಎಲ್ಲರೂ ಒಟ್ಟಿಗೆ ಕೇಳಿದರೆ ಇರುವ 16 ಲೇನಿನ ನೀರನ್ನೇ ಹಂಚಬೇಕು; ನೀರುಗಂಟಿ ನೀರನ್ನು ಹುಟ್ಟಿಸಲಾರ.

ಮತ್ತೊಂದು ಎಚ್ಚರ: ಸ್ಲಾಟಿನ ಉದ್ದ ಬೇರೆ, ಅದರೊಳಗಿನ ತಂತಿಗಳ ಸಂಖ್ಯೆ ಬೇರೆ. ನೋಡಲು ಎಕ್ಸ್8, ಒಳಗೆ ಎಕ್ಸ್4 ಇರುವ ಸ್ಲಾಟ್‌ಗಳು ಸಾಮಾನ್ಯ. ಕೈಪಿಡಿಯಲ್ಲಿ "ಎಕ್ಸ್4, ಎಕ್ಸ್8 ಸ್ಲಾಟಿನಲ್ಲಿ" ಎಂದು ಬರೆದಿರುತ್ತಾರೆ.

6. ನಾಲ್ಕನೆಯ ಪ್ರಶ್ನೆ: ಸ್ಲಾಟ್ ಯಾವ ಪ್ರೊಸೆಸರಿಗೆ ಸೇರಿದ್ದು?

ದೊಡ್ಡ ಸರ್ವರ್‌ಗಳಲ್ಲಿ ಎರಡು ಪ್ರೊಸೆಸರ್‌ಗಳಿಗೆ ಜಾಗವಿರುತ್ತದೆ. ಲೇನ್‌ಗಳು ಹೊರಡುವುದು ಪ್ರೊಸೆಸರಿನಿಂದಲೇ. 2012ರಲ್ಲಿ ಬಂದ ಇಂಟೆಲ್ ಝಿಯಾನ್ ಇ5-2600 ಸಾಲಿನ ಒಂದು ಪ್ರೊಸೆಸರಿಗೆ 40 ಲೇನ್. 2017ರಲ್ಲಿ ಬಂದ ಎಎಂಡಿ ಎಪಿಕ್‌ಗೆ 128. ಎರಡನೆಯ ಜಾಗ ಖಾಲಿಯಿದ್ದರೆ ಅದಕ್ಕೆ ಸೇರಿದ ಸ್ಲಾಟ್‌ಗಳಿಗೆ ಜೀವವಿಲ್ಲ. ಉದಾಹರಣೆಗೆ ಎಚ್‌ಪಿಇ ಪ್ರೊಲಿಯಂಟ್ ಡಿಎಲ್380 ಯಂತ್ರದ 9 ಮತ್ತು 10ನೆಯ ತಲೆಮಾರುಗಳಲ್ಲಿ ಎರಡನೆಯ ರೈಸರ್ ಕೆಲಸ ಮಾಡಲು ಎರಡನೆಯ ಪ್ರೊಸೆಸರ್ ಇರಲೇಬೇಕು. ಇದನ್ನು ತಿಳಿಯದವರು ರೈಸರ್ ಕೆಟ್ಟಿದೆ ಎಂದು ಇನ್ನೊಂದು ಕೊಳ್ಳುತ್ತಾರೆ. ಅದೂ ಕೆಲಸ ಮಾಡುವುದಿಲ್ಲ.

7. ಐದನೆಯ ಪ್ರಶ್ನೆ: ವಿದ್ಯುತ್ತು ಮತ್ತು ಸುರಕ್ಷತೆ

ಮಾನಕದ ಪ್ರಕಾರ ಎಕ್ಸ್16 ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ತೆಗೆದುಕೊಳ್ಳಬಹುದು. ಅದರಲ್ಲಿ 66 ವ್ಯಾಟ್ ಬರುವುದು 12 ವೋಲ್ಟಿನಿಂದ. ಎಕ್ಸ್4, ಎಕ್ಸ್8 ಕಾರ್ಡ್‌ಗಳಿಗೆ ಮಿತಿ 25 ವ್ಯಾಟ್. ಡಿಸ್ಕ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳಿಗೆ ಇಷ್ಟು ಸಾಕು.

ಮಾರುಕಟ್ಟೆಯಲ್ಲಿ ಯುಎಸ್‌ಬಿ ಕೇಬಲಿನಂತೆ ಕಾಣುವ ನೀಲಿ ತಂತಿಯ ಅಗ್ಗದ ರೈಸರ್‌ಗಳೂ ಸಿಗುತ್ತವೆ. ಕ್ರಿಪ್ಟೊ ನಾಣ್ಯದ ಗಣಿಗಾರಿಕೆಗೆ ಬಳಕೆಗೆ ಬಂದವು ಇವು. ನೋಡಲು ಎಕ್ಸ್16, ಆದರೆ ಸಾಗುವುದು ಒಂದೇ ಲೇನ್. ಇವುಗಳಲ್ಲಿ ಕೆಲವಕ್ಕೆ ವಿದ್ಯುತ್ ಕೊಡುವುದು ಡಿಸ್ಕಿಗೆಂದು ಇರುವ ಸಾಟಾ ಕನೆಕ್ಟರಿನಿಂದ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಕಾರ್ಡ್ 66 ವ್ಯಾಟ್ ಎಳೆದರೆ ಕನೆಕ್ಟರ್ ಕರಗುತ್ತದೆ. ಮಕ್ಕಳಿರುವ ಮನೆಯಲ್ಲಿ, ಹಗಲಿರುಳು ನಡೆಯುವ ಯಂತ್ರದಲ್ಲಿ ಇದನ್ನು ಬಳಸಲೇಬೇಡಿ.

ರೈಸರಿನಿಂದ ಬೆಂಕಿಯೇ ಎಂದು ಕೇಳುವವರಿಗೆ ಒಂದು ನಿಜ ಸಂಗತಿ: 2021ರ ಫೆಬ್ರವರಿಯಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್1 ಎಂಬ ಕಂಪ್ಯೂಟರ್ ಪೆಟ್ಟಿಗೆಯನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ಹಿಂದಕ್ಕೆ ಕರೆಸಲಾಯಿತು. ಅಮೆರಿಕ ಒಂದರಲ್ಲೇ ಸುಮಾರು 32,000 ಪೆಟ್ಟಿಗೆಗಳು. ಕಾರಣ, ರೈಸರನ್ನು ಪೆಟ್ಟಿಗೆಗೆ ಬಿಗಿಯುವ ಲೋಹದ ಸ್ಕ್ರೂ ಹಲಗೆಯೊಳಗಿನ ವಿದ್ಯುತ್ ಪದರಕ್ಕೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವ. ಸ್ಕ್ರೂ ಚಿಕ್ಕದು, ಅಪಾಯ ದೊಡ್ಡದು. ಆದ್ದರಿಂದ ತಯಾರಕರು ಕೊಟ್ಟ ಸ್ಕ್ರೂ ಬಿಟ್ಟು ಕೈಗೆ ಸಿಕ್ಕಿದ್ದನ್ನು ಹಾಕಬಾರದು. ಯಂತ್ರ ತೆರೆಯುವಾಗ ವಿದ್ಯುತ್ ಪ್ಲಗ್ಗನ್ನು ಪೂರ್ತಿ ಕಿತ್ತಿರಬೇಕು. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ. ಈ ಕೆಲಸವನ್ನು ಮಕ್ಕಳು ದೊಡ್ಡವರ ಜೊತೆಯಲ್ಲಿ ಮಾತ್ರ ಮಾಡಬೇಕು.

ಗಾಳಿಯ ವಿಷಯವೂ ಇಲ್ಲಿಯೇ ಬರುತ್ತದೆ. ಸರ್ವರ್ ಕಾರ್ಡ್‌ಗಳಿಗೆ ಹೆಚ್ಚಾಗಿ ಸ್ವಂತ ಫ್ಯಾನ್ ಇರುವುದಿಲ್ಲ. ಪೆಟ್ಟಿಗೆಯ ಮುಂದಿನಿಂದ ಹಿಂದಕ್ಕೆ ಬೀಸುವ ಗಾಳಿಯೇ ಅವುಗಳ ಉಸಿರು. ರೈಸರ್ ಆ ಗಾಳಿಗೆ ಅಡ್ಡಗೋಡೆ ಆಗಬಾರದು. ಖಾಲಿ ಕಿಂಡಿಗಳಿಗೆ ಮುಚ್ಚುಪಟ್ಟಿ ಹಾಕಬೇಕು, ಇಲ್ಲದಿದ್ದರೆ ಗಾಳಿ ದಾರಿ ತಪ್ಪುತ್ತದೆ. ಹೊರಗೆ 45 ಡಿಗ್ರಿ ಬಿಸಿಲಿರುವ ಕೊಲ್ಲಿ ನಾಡಿನಲ್ಲಿ, ರಜೆಯಲ್ಲಿ ಏಸಿ ಆರಿಸಿದ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ.

8. ನಮ್ಮ ಯಂತ್ರದ ಲೆಕ್ಕ

ಈಗ ಕಲಿತದ್ದನ್ನು ಒಂದೆಡೆ ತರೋಣ. ನಮ್ಮ ಸರ್ವರ್ 2ಯು. ಎರಡು ಪ್ರೊಸೆಸರಿಗೆ ಜಾಗ, ಇರುವುದು ಒಂದು. ಕೂರಿಸಬೇಕಾದ ಕಾರ್ಡ್‌ಗಳು ಎರಡು: ಎಂಟು ಡಿಸ್ಕ್‌ಗಳನ್ನು ಜೋಡಿಸುವ ಎಲ್‌ಎಸ್‌ಐ 9211-8ಐ, ಮತ್ತು 10 ಗಿಗಾಬಿಟ್‌ನ ಎರಡು ಬಾಯಿಗಳಿರುವ ಇಂಟೆಲ್ ಎಕ್ಸ್520. ಎರಡೂ 2.0 ತಲೆಮಾರಿನ ಎಕ್ಸ್8 ಕಾರ್ಡ್‌ಗಳು.

ಒಂದು ಪ್ರೊಸೆಸರ್ ಮಾತ್ರ ಇರುವುದರಿಂದ ಅದಕ್ಕೆ ಸೇರಿದ ಎಕ್ಸ್16 ರೈಸರ್ ಸ್ಲಾಟನ್ನೇ ನಂಬಬೇಕು. 8 ಮತ್ತು 8 ಸೇರಿ 16. ಎರಡು ಎಕ್ಸ್8 ಸ್ಲಾಟಿನ ಸಾದಾ ರೈಸರ್ ಸಾಕು. ಬೋರ್ಡಿನ ಬಯಾಸ್‌ನಲ್ಲಿ ಎರಡು ಎಂಟಾಗಿ ಹಂಚುವ ಆಯ್ಕೆಯೂ ಇದೆ.

ಅಂಗಡಿಯಲ್ಲಿ ಇನ್ನೊಂದು ರೈಸರ್ ಅಗ್ಗವಾಗಿ ಸಿಗುತ್ತದೆ ಎಂದುಕೊಳ್ಳಿ. ಅದೇ ಬೋರ್ಡಿಗೆ ಹೊಂದುವಂಥದೇ, ಮೂರು ಸ್ಲಾಟ್, ಎಲ್ಲವೂ ಎಕ್ಸ್8 ಉದ್ದ, ಆದರೆ ಒಳಗೆ 8, 4, 4 ಲೇನ್. ಡಿಸ್ಕ್ ಕಾರ್ಡನ್ನು 8ರಲ್ಲಿಟ್ಟು ನೆಟ್‌ವರ್ಕ್ ಕಾರ್ಡನ್ನು 4ರಲ್ಲಿಟ್ಟರೆ ಏನಾಗುತ್ತದೆ? ಬೋರ್ಡ್ 3.0 ಆಗಿದ್ದರೂ ಕಾರ್ಡ್ 2.0. ಆದ್ದರಿಂದ 4 ಗುಣಿಸು 500, ಸೆಕೆಂಡಿಗೆ 2,000 ಮೆಗಾಬೈಟ್. ಎರಡು ಬಾಯಿಗಳೂ ಪೂರ್ತಿ ದುಡಿದರೆ ಬೇಕಾಗುವುದು 20 ಗಿಗಾಬಿಟ್, ಅಂದರೆ 2,500 ಮೆಗಾಬೈಟ್. ಸಾಲದು. ಆದರೆ ಶಾಲೆಯಲ್ಲಿ ಬಳಸುವುದು ಒಂದೇ ಬಾಯಿ. 1,250 ಮೆಗಾಬೈಟ್ ಸಾಕು. ಹಾಗಾದರೆ ಅಗ್ಗದ್ದೂ ನಡೆಯುತ್ತದೆ, ಮುಂದೊಂದು ಕಾರ್ಡಿಗೆ ಜಾಗವೂ ಉಳಿಯುತ್ತದೆ. ಆದರೆ ಮೂರು ಕಡೆ ಹಂಚುವ ಆಯ್ಕೆ ಬಯಾಸ್‌ನಲ್ಲಿ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಅತಿ ದೊಡ್ಡ ರೈಸರ್ ಉತ್ತಮ ರೈಸರ್ ಅಲ್ಲ. ಕೆಲಸಕ್ಕೆ ಒದಗುವುದೇ ಉತ್ತಮ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಕೂರಿಸಿದ ಮೇಲೆ ಪರೀಕ್ಷೆ ಮಾಡಿ. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯ ವಿವರವಾದ ಉತ್ತರದಲ್ಲಿ ಕಾರ್ಡಿನ ಸಾಮರ್ಥ್ಯ ಎಷ್ಟು, ಈಗ ನಡೆಯುತ್ತಿರುವುದು ಎಷ್ಟು ಲೇನ್ ಮತ್ತು ಯಾವ ವೇಗದಲ್ಲಿ ಎಂದು ಎರಡು ಸಾಲುಗಳಲ್ಲಿ ಕಾಣುತ್ತದೆ. ಲೆಕ್ಕದಲ್ಲಿ ಬಂದುದಕ್ಕಿಂತ ಕಡಿಮೆ ಇದ್ದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಅಥವಾ ಸಂಪರ್ಕಬಿಂದುಗಳಲ್ಲಿ ಧೂಳಿದೆ, ಅಥವಾ ರೈಸರ್ ಆ ವೇಗಕ್ಕೆ ತಕ್ಕುದಲ್ಲ. 3.0ಕ್ಕೆಂದು ಮಾಡಿದ ರೈಸರಿನಲ್ಲಿ 4.0 ಕಾರ್ಡ್ ತಪ್ಪುಗಳನ್ನು ತೋರಿಸಿದರೆ ಬಯಾಸ್‌ನಲ್ಲಿ ಆ ಸ್ಲಾಟಿನ ವೇಗವನ್ನು 3.0ಕ್ಕೆ ಇಳಿಸಿ ನೋಡಬೇಕು. ನಿಧಾನವಾದರೂ ತಪ್ಪಿಲ್ಲದ ನಡೆ ಮೇಲು.

ಇಷ್ಟೆಲ್ಲ ಮಾಡಿದರೂ ದನಿಗಳ ಇನ್ನೊಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ಎಂಟು ಡಿಸ್ಕ್ ಇರುವ ಯಂತ್ರವೂ ಒಂದೇ ಯಂತ್ರ.

ಅಭ್ಯಾಸ

1. 2.0 ತಲೆಮಾರಿನ ಎಕ್ಸ್4 ಕಾರ್ಡನ್ನು 4.0 ತಲೆಮಾರಿನ ಎಕ್ಸ್16 ಸ್ಲಾಟಿನಲ್ಲಿ ಕೂರಿಸಿದರೆ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಬಲ್ಲದು?
2. ಪೂರ್ತಿ ಎಂಟೆಂಟು ಲೇನ್ ಬೇಕೆನ್ನುವ ಮೂರು ಕಾರ್ಡ್‌ಗಳನ್ನು ಚಿಪ್ ಇಲ್ಲದ ಒಂದು ಎಕ್ಸ್16 ರೈಸರಿನಲ್ಲಿ ಕೂರಿಸಬಹುದೇ? ಕಾರಣ ಕೊಡಿ.
3. 2ಯು ಪೆಟ್ಟಿಗೆಯಲ್ಲಿ ರೈಸರ್ ಇಲ್ಲದೆ ನಿಲ್ಲಿಸಬಹುದಾದ ಕಾರ್ಡ್ ಯಾವುದು?
4. ಎರಡನೆಯ ರೈಸರಿನ ಕಾರ್ಡ್ ಕಾಣಿಸುತ್ತಿಲ್ಲ. ಹೊಸ ರೈಸರ್ ಕೊಳ್ಳುವ ಮೊದಲು ಏನನ್ನು ನೋಡುವಿರಿ?
5. ನಿಮ್ಮ ಮನೆಯಲ್ಲಿ ಹೊಂದಾಣಿಕೆ ನೋಡಿ ಕೊಳ್ಳಬೇಕಾದ ಯಾವುದಾದರೂ ಒಂದು ವಸ್ತುವಿನ ಬಗ್ಗೆ, ಅಮ್ಮ ಅಪ್ಪಂದಿರನ್ನು ಕೇಳಿ ತಿಳಿದು, ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ.

ಉತ್ತರಗಳು: (1) 4 ಗುಣಿಸು 500, ಅಂದರೆ 2,000. (2) ಆಗದು, ಬೇಕಾದುದು 24 ಲೇನ್, ಇರುವುದು 16. (3) ಗಿಡ್ಡ ಕಾರ್ಡ್. 69 ಮಿಲಿಮೀಟರ್ 88.9ರೊಳಗೆ ಹಿಡಿಯುತ್ತದೆ. (4) ಎರಡನೆಯ ಪ್ರೊಸೆಸರ್ ಇದೆಯೇ ಎಂದು, ಬಳಿಕ ಬಯಾಸ್‌ನ ಬೈಫರ್ಕೇಶನ್. (5) ಇದರ ಉತ್ತರ ನಿಮ್ಮ ಕೈಯಲ್ಲಿದೆ. ಬರೆದು ಕನ್ನಡ ವಿಭಾಗಕ್ಕೆ ತಂದುಕೊಡಿ. ಒಳ್ಳೆಯ ಬರಹಗಳನ್ನು ಭಿತ್ತಿಪತ್ರಿಕೆಯಲ್ಲಿ ಹಾಕುತ್ತೇವೆ.